ಟರ್ಬೊ ಗಾಡಿಗೆ ಯಾವ ಸ್ಪಾರ್ಕ್ ಪ್ಲಗ್? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಕಲೇಶಪುರದಿಂದ): ಅಣ್ಣಾ ನಮಸ್ಕಾರ. ನನ್ನದು ಪೋಲೊ 1.0 ಟಿಎಸ್‌ಐ, 41,000 ಕಿ.ಮೀ. ಓಡಿದೆ. ಎರಡು ತಿಂಗಳ ಹಿಂದೆ ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವುದು) ಮಾಡಿಸಿದೆ. ಗಾಡಿ ಬಾಣದ ಹಾಗೆ ಓಡುತ್ತಿತ್ತು. ಹೋದ ವಾರ ಒಂದು ಅಂಗಡಿಯವರು "ರೀಮ್ಯಾಪ್ ಆದಮೇಲೆ ಕೋಲ್ಡ್ ಪ್ಲಗ್ ಹಾಕಲೇಬೇಕು" ಎಂದು ಮೂರೂ ಸಿಲಿಂಡರ್‌ಗೆ ಹೊಸ ಇರಿಡಿಯಂ ಪ್ಲಗ್ ಹಾಕಿದರು. ಅವತ್ತಿನಿಂದ ಶುರುವಾಯಿತು ನೋಡಿ. ಮಂಗಳೂರಿಂದ ವಾಪಸ್ ಬರುವಾಗ ಶಿರಾಡಿ ಘಾಟ್‌ನಲ್ಲಿ ಮೂರನೇ ಗೇರ್ ಹಾಕಿ ಪೂರ್ತಿ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಮೆಲ್ಲಗೆ ಓಡಿಸಿದರೆ ಏನೂ ಇಲ್ಲ. ನಿನ್ನೆ ಚೆಕ್ ಎಂಜಿನ್ ಲೈಟ್ ಕೂಡ ಮಿಣುಕಿತು. ಅಂಗಡಿಯವರನ್ನು ಕೇಳಿದರೆ ಇನ್ನೊಂದು ಸ್ಟೆಪ್ ಕೋಲ್ಡ್ ಹಾಕೋಣ ಅಂತಾರೆ. ಹಾಕಿಸಲಾ?

ಮೆಕ್ಯಾನಿಕ್: ಹಾಕಿಸಬೇಡಿ. ಮೊದಲು ಒಂದು ಮಾತು. ಲೈಟ್ ಸುಮ್ಮನೆ ಉರಿಯುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಮಿಸ್‌ಫೈರ್, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು, ಜೋರಾಗಿದೆ ಎಂದು ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದು ಹೋದರೆ ಪ್ಲಗ್‌ನ ಖರ್ಚು ಏನೇನೂ ಅಲ್ಲ. ಹಾಗಾಗಿ ಸರಿಯಾಗುವ ತನಕ ಜೋರಾಗಿ ಒತ್ತಬೇಡಿ.

ನೀವು ಹೇಳಿದ್ದು ಕೇಳಿದರೆ ಇದು ಹೀಟ್ ರೇಂಜ್ (ಪ್ಲಗ್ ಹಾಟೋ ಕೋಲ್ಡೋ ಎಂಬುದು) ಸಮಸ್ಯೆ ಅಲ್ಲ, ಗ್ಯಾಪ್ (ಪ್ಲಗ್‌ನ ಎರಡು ತುದಿಗಳ ನಡುವಿನ ಸಂದು) ಸಮಸ್ಯೆ ಅನಿಸುತ್ತದೆ. ಮೆಲ್ಲಗೆ ಹೋದಾಗ ಇಲ್ಲ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬಂದಾಗ ಮಾತ್ರ ಬರುತ್ತದೆ. ಹೊಸ ಪ್ಲಗ್ ಹಾಕಿದ ದಿನವೇ ಶುರುವಾಗಿದೆ. ಇಷ್ಟು ಸಾಕು.

ಕಿಡಿ ಎರಡು ತುದಿಗಳ ನಡುವಿನ ಸಂದು ಹಾರಬೇಕು. ಖಾಲಿ ರಸ್ತೆ ದಾಟುವುದಕ್ಕೂ ತೇರಿನ ದಿನ ರಥಬೀದಿ ದಾಟುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಟರ್ಬೊ ಗಾಳಿಯನ್ನು ಒತ್ತಿ ತುಂಬಿದಾಗ ಆ ಸಂದಿನಲ್ಲಿ ಜಾತ್ರೆಯಷ್ಟು ಒತ್ತು. ದಾಟಲು ವೋಲ್ಟೇಜ್ ಜಾಸ್ತಿ ಬೇಕು. ಕಾಯಿಲ್ ಕೊಡುವುದಕ್ಕೆ ಒಂದು ಮಿತಿ ಇದೆ. ಅದು ಮೀರಿದರೆ ಕಿಡಿ ಆರುತ್ತದೆ, ಇಲ್ಲವೇ ಪಿಂಗಾಣಿಯ ಹೊರಗಿನಿಂದ ಸುಲಭದ ದಾರಿ ಹುಡುಕಿಕೊಂಡು ಪ್ಲಗ್‌ನ ಲೋಹದ ಮೈಗೆ ಹಾರುತ್ತದೆ. ಅದಕ್ಕೇ ಬೂಸ್ಟ್ ಎಂಜಿನ್‌ಗೆ ಗ್ಯಾಪ್ ಕಡಿಮೆ ಇಡುವುದು. ಟರ್ಬೊ ಇಲ್ಲದ ಎಷ್ಟೋ ಗಾಡಿಗಳಲ್ಲಿ 1.1 ಮಿ.ಮೀ. ಇರುತ್ತದೆ. ಟರ್ಬೊಗೆ 0.7ರಿಂದ 0.8 ಸಾಮಾನ್ಯ.

ಹೊಸ ಪ್ಲಗ್‌ನ ಡಬ್ಬಿ ಇದ್ದರೆ ನಂಬರ್ ಓದಿ. ಕೊನೆಯಲ್ಲಿ "-11" ಇದೆಯಾ?

ಸಕಲೇಶಪುರ: ಇದೆ ಅಣ್ಣಾ! ಕೊನೆಗೆ 11 ಅಂತ ಇದೆ. ಆದರೆ ಅಂಗಡಿಯವರು "ಇರಿಡಿಯಂ ರೆಡಿ ಗ್ಯಾಪ್ ಬರುತ್ತದೆ, ಮುಟ್ಟಬಾರದು" ಎಂದರು.

ಮೆಕ್ಯಾನಿಕ್: ರೆಡಿ ಗ್ಯಾಪ್ ಬರುತ್ತದೆ, ನಿಜ. ಯಾರ ಎಂಜಿನ್‌ಗೆ ರೆಡಿ ಅನ್ನುವುದು ಪ್ರಶ್ನೆ! ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಕೊನೆಯ 11 ಎಂದರೆ 1.1 ಮಿ.ಮೀ. ಗ್ಯಾಪ್.

ಇದನ್ನೇ ತಟ್ಟಿ 0.75 ಮಾಡಬಹುದಲ್ಲ ಎಂದು ಕೇಳುತ್ತೀರಿ. ಬೇಡ. ಕಂಪನಿ ಇಟ್ಟ ಗ್ಯಾಪ್ ಅನ್ನು ಸುಮಾರು 0.2 ಮಿ.ಮೀ.ಗಿಂತ ಜಾಸ್ತಿ ಬದಲಿಸಬಾರದು. ಜಾಸ್ತಿ ಬಗ್ಗಿಸಿದರೆ ಮೇಲಿನ ಕೊಕ್ಕೆ ಓರೆಯಾಗುತ್ತದೆ, ಎರಡು ತುದಿ ಎದುರುಬದುರು ನಿಲ್ಲುವುದಿಲ್ಲ. 0.8 ಗ್ಯಾಪ್‌ನಲ್ಲೇ ಬರುವ ಪ್ಲಗ್ ತಗೊಳ್ಳಿ, ಬೇಕಿದ್ದರೆ ಕೂದಲೆಳೆಯಷ್ಟು ಕಡಿಮೆ ಮಾಡಿ. ಇರಿಡಿಯಂ ತುದಿ ಪೆನ್ಸಿಲ್ ಮೊನೆಯಷ್ಟು ಸಣ್ಣ. ನಾಣ್ಯದಂಥ ಗೇಜ್ ಅದರ ಮೇಲೆ ಒತ್ತಿ ತಿರುಗಿಸಿದರೆ ಮುರಿಯುತ್ತದೆ. ತಂತಿ ಗೇಜ್ ಇಟ್ಟು ಅಳೆಯಿರಿ. ಬಗ್ಗಿಸುವುದಿದ್ದರೆ ಹೊರಗಿನ ಕೊಕ್ಕೆ ಮಾತ್ರ, ಮಧ್ಯದ್ದನ್ನು ಮುಟ್ಟಲೇಬೇಡಿ.

ಹಳೇ ಪ್ಲಗ್ ಎಸೆದಿಲ್ಲ ತಾನೇ?

ಸಕಲೇಶಪುರ: ಡಿಕ್ಕಿಯಲ್ಲೇ ಇವೆ. ಆದರೆ ಕೋಲ್ಡ್ ವಿಷಯ ಹಾಗೇ ಉಳಿಯಿತಲ್ಲ? ರೀಮ್ಯಾಪ್ ಆಗಿದೆ, ಹಾಟ್ ಪ್ಲಗ್ ಇದ್ದರೆ ಪಿಸ್ಟನ್ ತೂತಾಗುತ್ತದೆ ಅಂತ ಹೆದರಿಸಿದ್ದಾರೆ.

ಮೆಕ್ಯಾನಿಕ್: ಹೆದರಿಕೆ ಪೂರ್ತಿ ಸುಳ್ಳಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಾಟ್, ಕೋಲ್ಡ್ ಎಂದರೆ ಕಿಡಿಯ ಬಿಸಿ ಅಲ್ಲ. ಪ್ಲಗ್‌ನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬ ಲೆಕ್ಕ. ಒಳಗಿನ ಪಿಂಗಾಣಿ ಮೂಗು ಉದ್ದ ಇದ್ದರೆ ಬಿಸಿ ಸುತ್ತಿ ಬಳಸಿ ಹೋಗಬೇಕು, ಅದು ಹಾಟ್ ಪ್ಲಗ್. ಮೂಗು ಗಿಡ್ಡ ಇದ್ದರೆ ಬೇಗ ಇಳಿಯುತ್ತದೆ, ಅದು ಕೋಲ್ಡ್. ತುದಿ 450 ಡಿಗ್ರಿ ಸೆಲ್ಸಿಯಸ್ ಮೇಲಿದ್ದರೆ ತನ್ನ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ದಾಟಿದರೆ ಅಪಾಯ. ಕಿಡಿ ಬರುವ ಮೊದಲೇ ಆ ಕೆಂಡವೇ ಪೆಟ್ರೋಲ್ ಹೊತ್ತಿಸುತ್ತದೆ. ಪಿಸ್ಟನ್ ತೂತಾಗುವ ಕಥೆ ಅಲ್ಲಿಂದ ಬಂದದ್ದು.

ಎಷ್ಟು ಪವರ್ ಹೆಚ್ಚಿದರೆ ಒಂದು ಸ್ಟೆಪ್? 75ರಿಂದ 100 ಹಾರ್ಸ್ ಪವರ್‌ಗೆ ಒಂದು ಸ್ಟೆಪ್ ಎಂದು ಎನ್‌ಜಿಕೆಯವರೇ ಒಂದು ಅಂದಾಜು ಕೊಡುತ್ತಾರೆ. ನಿಮ್ಮ ಗಾಡಿ ಕಂಪನಿಯಿಂದ ಬಂದಾಗ 110 ಪಿಎಸ್ (ಹೆಚ್ಚೂಕಡಿಮೆ ಹಾರ್ಸ್ ಪವರ್ ಇದ್ದ ಹಾಗೇ). ಸ್ಟೇಜ್ 1ರಲ್ಲಿ 20-30 ಹೆಚ್ಚಿರಬಹುದು. ಜೊತೆಗೆ ಟರ್ಬೊ ಎಂಜಿನ್ ಎಂದು ಗೊತ್ತಿದ್ದೇ ಕಂಪನಿಯವರು ಪ್ಲಗ್ ಆರಿಸಿರುತ್ತಾರೆ. ಮುಕ್ಕಾಲು ಪಾಲು ಸ್ಟೇಜ್ 1 ಗಾಡಿಗೆ ನಾನು ಕಂಪನಿ ಹೀಟ್ ರೇಂಜ್ ಬದಲಿಸುವುದೇ ಇಲ್ಲ. ದಿನಾ ಘಾಟ್ ಹತ್ತುವವರಿಗೆ, ಟ್ರ್ಯಾಕ್‌ಗೆ ಹೋಗುವವರಿಗೆ, ದೊಡ್ಡ ಟರ್ಬೊ ಹಾಕಿಸಿದವರಿಗೆ ಒಂದು ಸ್ಟೆಪ್ ಸರಿ. ಎರಡು ಸ್ಟೆಪ್ ಕೋಲ್ಡ್ ಹಾಕಿಕೊಂಡು ಹಾಲು ತರಲು ಹೋದರೆ ಪ್ಲಗ್ ಬಿಸಿಯೇ ಆಗುವುದಿಲ್ಲ. ಮಸಿ ಕಟ್ಟಿ ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೂ ಸತಾಯಿಸುತ್ತದೆ.

ಒಂದು ಎಚ್ಚರಿಕೆ. ಎನ್‌ಜಿಕೆ, ಡೆನ್ಸೊ ಎರಡರಲ್ಲೂ ಅಂಕಿ ದೊಡ್ಡದಾದಂತೆ ಕೋಲ್ಡ್. ಎನ್‌ಜಿಕೆಯ 6, 7, 8 ಎಂದರೆ ಡೆನ್ಸೊದ 20, 22, 24. ಬಾಷ್‌ನಲ್ಲಿ ಉಲ್ಟಾ, ಅಂಕಿ ಚಿಕ್ಕದಾದಷ್ಟೂ ಕೋಲ್ಡ್. ಬ್ರಾಂಡ್ ಬದಲಿಸುವಾಗ "ಒಂದು ನಂಬರ್ ಮೇಲೆ ಕೊಡಿ" ಎಂದು ಕೇಳಿ ಹಾಟ್ ಪ್ಲಗ್ ಹಾಕಿಕೊಂಡು ಬಂದವರು ನನ್ನ ಶೆಡ್‌ಗೇ ಬಂದಿದ್ದಾರೆ.

ಪ್ರಶ್ನೆ (ಮೈಸೂರಿಂದ): ಸರ್, ನನ್ನದು ವೆನ್ಯೂ 1.0 ಟರ್ಬೊ. ಏನೂ ಮಾಡಿಸಿಲ್ಲ. ಮಗಳನ್ನು ಸ್ಕೂಲಿಗೆ ಬಿಡುವುದು, ಆಫೀಸು, ಅಷ್ಟೇ. ನಾನೂ ಒಳ್ಳೆಯ ಪ್ಲಗ್ ಹಾಕಿಸಿದರೆ ಪಿಕಪ್ ಬರುತ್ತದಾ?

ಮೆಕ್ಯಾನಿಕ್: ಬರುವುದಿಲ್ಲ ಮೇಡಂ. ಪುಸ್ತಕದಲ್ಲಿರುವ ನಂಬರ್‌ನದೇ ಹಾಕಿಸಿ, ಹೇಳಿದ ಕಿ.ಮೀ.ಗೆ ಬದಲಿಸಿ. ಪ್ಲಗ್‌ಗಿಂತ ಆಯಿಲ್ ಕಡೆ ಗಮನ ಕೊಡಿ. ನಿಮ್ಮಂಥ ಚಿಕ್ಕ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಕಡಿಮೆ ಆರ್‌ಪಿಎಂ ಇದ್ದಾಗ ಜೋರಾಗಿ ಒತ್ತಿದರೆ, ಆಯಿಲ್ ಬೆರೆತ ಹನಿ ಕಿಡಿಗೆ ಮೊದಲೇ ಹೊತ್ತಿಕೊಂಡು ಟಪ್ ಎಂದು ಏಟು ಕೊಡುವುದುಂಟು. ಕೋಲ್ಡ್ ಪ್ಲಗ್ ಹಾಕಿದರೆ ಅದು ನಿಲ್ಲುವುದಿಲ್ಲ. ಎಪಿಐ ಎಸ್‌ಪಿ ಎಂದು ಬರೆದ ಆಯಿಲ್ 2020ರಿಂದ ಬರುತ್ತಿದೆ, ಇದಕ್ಕೆಂದೇ ಪರೀಕ್ಷೆ ಮಾಡಿದ್ದು. ಪುಸ್ತಕದಲ್ಲಿರುವ ಗ್ರೇಡ್‌ನಲ್ಲೇ ಅದನ್ನು ಹಾಕಿಸಿ. ಅಪ್ ಹತ್ತುವಾಗ ಗೇರ್ ಇಳಿಸಲು ಸೋಮಾರಿತನ ಬೇಡ.

ಪ್ರಶ್ನೆ (ಟೆಕ್ಸಾಸ್‌ನಿಂದ): ನಮಸ್ಕಾರ ಸರ್, ಮೂಲತಃ ದಾವಣಗೆರೆ. ಇಲ್ಲಿ 1994ರ ಮಾಜ್ದಾ ಮಿಯಾಟ 1.8 ಇದೆ. ಸೂಪರ್‌ಚಾರ್ಜರ್ ಕಿಟ್ ಹಾಕುತ್ತಿದ್ದೇನೆ. ಈಗ ಬಿಕೆಆರ್‌6ಇ-11 ಇದೆ. ದುಬಾರಿ ಇರಿಡಿಯಂ ಬೇಕೇ ಬೇಕಾ?

ಮೆಕ್ಯಾನಿಕ್: ಬೇಡ, ಬಿಕೆಆರ್‌7ಇ ಹಾಕಿ. ನಂಬರ್ ಬಿಡಿಸಿದರೆ ನಿಮಗೇ ಗೊತ್ತಾಗುತ್ತದೆ. ಬಿ ಎಂದರೆ 14 ಮಿ.ಮೀ. ಮರೆ (ಥ್ರೆಡ್), ಕೆ ಎಂದರೆ 16 ಮಿ.ಮೀ. ಪಾನಾ, ಆರ್ ಎಂದರೆ ಒಳಗೆ ರೆಸಿಸ್ಟರ್ ಇದೆ, ಇ ಎಂದರೆ 19 ಮಿ.ಮೀ. ಉದ್ದ. ಇವು ಯಾವುದೂ ಬದಲಾಗಬಾರದು. ಬದಲಾಗಿದ್ದು 6ರ ಜಾಗಕ್ಕೆ 7, ಮತ್ತೆ ಹಿಂದಿನ 11 ಹೋಯಿತು. ಗ್ಯಾಪ್ 0.7ರ ಆಸುಪಾಸು ಇಡಿ. ಬೂಸ್ಟ್ ಇಲ್ಲದ ಎಂಜಿನ್‌ಗೆ ಹೊಸದಾಗಿ ಬೂಸ್ಟ್ ಕೊಡುತ್ತಿದ್ದೀರಿ, ಹಾಗಾಗಿ ನಿಮಗೆ ಒಂದು ಸ್ಟೆಪ್ ನ್ಯಾಯ. ಸೂಪರ್‌ಚಾರ್ಜರ್ ಬೆಲ್ಟ್‌ನಲ್ಲಿ ತಿರುಗುತ್ತದೆ, ಕೆಳಗಿನ ಆರ್‌ಪಿಎಂನಲ್ಲೇ ಒತ್ತಡ ಕೊಡಲು ಶುರುಮಾಡುತ್ತದೆ. ಅದನ್ನು ಬಿಟ್ಟರೆ ಪ್ಲಗ್‌ಗೆ ಟರ್ಬೊ, ಸೂಪರ್‌ಚಾರ್ಜರ್ ಎರಡೂ ಒಂದೇ.

ನಿಕ್ಕಲ್ ಪ್ಲಗ್ ಅಗ್ಗ. ಟ್ಯೂನಿಂಗ್ ಮುಗಿಯುವ ತನಕ ಹತ್ತು ಸಲ ಬಿಚ್ಚಿ ನೋಡುತ್ತೀರಿ, ಹಾಳಾದರೆ ಎಸೆಯಬಹುದು. ಇರಿಡಿಯಂ ಕರಗುವುದು 2,400 ಡಿಗ್ರಿ ದಾಟಿದ ಮೇಲೆ, ನಿಕ್ಕಲ್ 1,455ಕ್ಕೆ. ಅದಕ್ಕೇ ಇರಿಡಿಯಂ ತುದಿ ತೆಳ್ಳಗೆ ಮಾಡಲು ಬರುತ್ತದೆ, ಸವೆಯುವುದೂ ನಿಧಾನ. ಕಿಡಿಗೆ ಬೇಕಾದ ವೋಲ್ಟೇಜೂ ಸ್ವಲ್ಪ ಕಡಿಮೆ. ಟ್ಯೂನ್ ಒಂದು ಹದಕ್ಕೆ ಬಂದಮೇಲೆ ಹಾಕಿಕೊಳ್ಳಿ.

ಪ್ರಶ್ನೆ (ತುಮಕೂರಿಂದ): ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿ ಮೇಲೆ, ಲೋಹದ ಹತ್ತಿರ ಕಂದು ಬಣ್ಣದ ಉಂಗುರ ಇತ್ತು. ಗ್ಯಾಸ್ ಲೀಕ್ ಎಂದರು. ಹೌದಾ?

ಮೆಕ್ಯಾನಿಕ್: ಅಲ್ಲ. ಹೈ ವೋಲ್ಟೇಜ್ ಸುತ್ತ ಎಣ್ಣೆಯ ಕಣಗಳು ಅಂಟಿಕೊಂಡ ಕಲೆ ಅದು, ಕೊರೋನಾ ಕಲೆ ಎನ್ನುತ್ತೇವೆ. (ಆ ಕೊರೋನಾ ಅಲ್ಲ!) ಅದರಿಂದ ಏನೂ ತೊಂದರೆ ಇಲ್ಲ. ಮೇಲಿಂದ ಕೆಳಗೆ ಪೆನ್ಸಿಲ್ ಗೀಟಿನಂತೆ ಕಪ್ಪು ಗೆರೆ ಇದ್ದರೆ ಮಾತ್ರ ಕಿಡಿ ಹೊರಗೆ ಹಾರಿದೆ. ಆಗ ಪ್ಲಗ್ ಜೊತೆ ಕಾಯಿಲ್‌ನ ರಬ್ಬರ್ ಬೂಟೂ ಬದಲಿಸಿ. ಒಳಗಿನ ಮೂಗಿನ ಮೇಲೆ ಮೆಣಸಿನಪುಡಿ ಉದುರಿಸಿದಂತೆ ಚುಕ್ಕೆ, ಅಲ್ಯೂಮಿನಿಯಂ ಹೊಳಪಿನ ಕಣ ಕಂಡರೆ ನಾಕಿಂಗ್ (ಸಿಲಿಂಡರ್ ಒಳಗೆ ಪೆಟ್ರೋಲ್ ಹದ ತಪ್ಪಿ ಸಿಡಿಯುವುದು) ಆಗಿದೆ. ಆ ಗಾಡಿಯನ್ನು ಓಡಿಸಬೇಡಿ, ಟ್ಯೂನ್ ಮಾಡಿದವರ ಹತ್ತಿರ ಎಳೆದುಕೊಂಡು ಹೋಗಿ.

ಸಕಲೇಶಪುರ: ಅಣ್ಣಾ, ಹಳೇ ಪ್ಲಗ್ ನಾನೇ ವಾಪಸ್ ಹಾಕಲಾ? ಟಾರ್ಕ್ ರೆಂಚ್ ಇಲ್ಲ.

ಮೆಕ್ಯಾನಿಕ್: ಹಾಕಿ. ಎಂಜಿನ್ ತಣ್ಣಗಿರಲಿ. ಗುಂಡಿಯ ಧೂಳನ್ನು ಗಾಳಿ ಹೊಡೆದು ತೆಗೆದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಕಸವೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಮರೆ ಅಡ್ಡ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಹೊಸದಾಗಿದ್ದರೆ ಕೈಬಿಗಿ ಆದಮೇಲೆ ಅರ್ಧದಿಂದ ಮೂರನೇ ಎರಡು ಸುತ್ತು. ನಿಮ್ಮದು ಹಳೇ ಪ್ಲಗ್, ವಾಷರ್ ಆಗಲೇ ಚಪ್ಪಟೆ, ಹತ್ತನೇ ಒಂದು ಸುತ್ತಿನಷ್ಟು ಸಾಕು. ಹೊಸದು ಬಂದಾಗ ಟಾರ್ಕ್ ರೆಂಚ್ ಇರುವವರ ಹತ್ತಿರವೇ ಹೋಗಿ. ಮರೆಗೆ ಗ್ರೀಸ್ ಬಳಿಯಬೇಡಿ, ಬಿಗಿ ಲೆಕ್ಕ ತಪ್ಪುತ್ತದೆ.

ಸಕಲೇಶಪುರ (ಮೂರು ದಿನ ಬಿಟ್ಟು): ಹಳೇದು ಅಳೆದೆ, ಮೂರೂ 0.8ರ ಸುತ್ತಮುತ್ತ. ಹಾಕಿದೆ. ಇವತ್ತು ಶಿರಾಡಿ ಹತ್ತಿ ಬಂದೆ, ಒಂದೂ ಜರ್ಕ್ ಇಲ್ಲ! 0.8 ಗ್ಯಾಪ್‌ನದು, ಕಂಪನಿ ಹೀಟ್ ರೇಂಜ್‌ನದೇ ಆರ್ಡರ್ ಮಾಡಿದೆ. ಬಿಚ್ಚಿದ ಇರಿಡಿಯಂ ಮೂರರಲ್ಲಿ ಒಂದರ ಪಿಂಗಾಣಿ ಮೇಲೆ ನೀವು ಹೇಳಿದ ಕಪ್ಪು ಗೆರೆ ಇದೆ. ಫೋಟೊ ಹಾಕಿದ್ದೇನೆ.

ಮೆಕ್ಯಾನಿಕ್: ನೋಡಿದೆ, ಅದೇ ಗೆರೆ. ಆ ಸಿಲಿಂಡರ್‌ನ ಕಾಯಿಲ್ ಬೂಟ್ ಬದಲಿಸಬೇಕು. ಎಷ್ಟನೇ ಸಿಲಿಂಡರ್‌ದು ಅದು?

ಸಕಲೇಶಪುರ: ಅಯ್ಯೋ... ಮೂರನ್ನೂ ಒಂದೇ ಕವರ್‌ಗೆ ಹಾಕಿಬಿಟ್ಟೆ ಅಣ್ಣಾ.

ಮೆಕ್ಯಾನಿಕ್: ಹಾಗಾದರೆ ಮೂರು ಬೂಟ್ ತಗೊಳ್ಳಿ. ಮುಂದಿನ ಸಲ ಬಿಚ್ಚುವಾಗ ಒಂದು ಮಾರ್ಕರ್ ಪೆನ್ ಜೊತೆಗಿರಲಿ.