ಅತ್ತಿಗೆ ಕೇಳಿದ ಶಾಲೆಯ ಸುದ್ದಿ, ಜೊತೆಗೆ ತೋಟದವರಿಗೆ ಒಂದು ಮಾತು

ಅತ್ತಿಗೆ, ನಮಸ್ಕಾರ. ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೊಟ್ಟಿಗೆ ಕೆಲಸ ಮುಗಿಸಿ, ಮಗಳನ್ನು ಶಾಲೆಗೆ ಕಳಿಸಿ, ಈಗ ಜಗಲಿ ಮೇಲೆ ಕೂತು ಮಾತಾಡುತ್ತಿದ್ದೇನೆ. ಹಿಂದೆ ಕೇಳುತ್ತಿರುವುದು ಪಕ್ಕದ ತೋಟದ ಮೋಟಾರ್ ಶಬ್ದ. ನಮ್ಮೂರ ಶಾಲೆ ಈ ವರ್ಷ ಹೇಗೆ ನಡೀತು, ಮಕ್ಕಳಿಗೆ ನೋಟ್‌ಬುಕ್ ಕಳಿಸಲಾ, ಬ್ಯಾಗ್ ಕಳಿಸಲಾ ಅಂತ ಕೇಳಿದ್ದೀರಿ. ಎರಡಕ್ಕೂ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ. ಗ್ರೂಪಿನಲ್ಲಿರುವ ಬೇರೆಯವರೂ, ಅದರಲ್ಲೂ ತೋಟ ಇರುವವರು, ದಯವಿಟ್ಟು ಕೊನೆವರೆಗೂ ಕೇಳಿ.

ಮೊದಲು ಖುಷಿ ಸುದ್ದಿ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ, ಆಯಿತು. ಹೋದ ತಿಂಗಳ ಕೊನೆಯಲ್ಲಿ ಒಂದು ಸಂಜೆ ಗುಡುಗಿ, ಚೆನ್ನಾಗಿಯೇ ಸುರಿಯಿತು. ಮಳೆ ಸುದ್ದಿಗೂ ಶಾಲೆಗೂ ಏನು ಸಂಬಂಧ ಅಂತೀರಾ? ಇದೆ. ಮಾವನವರ ಮಳೆ ಮಾಪಕ ನಿಮಗೆ ನೆನಪಿರಬೇಕಲ್ವಾ? ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಹೋಗಿ ನೋಡಿ, ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುತ್ತಿದ್ದರು. ಅವರು ಹೋದ ಮೇಲೆ ಅದು ಅಟ್ಟದಲ್ಲಿ ಸುಮ್ನೆ ಬಿದ್ದಿತ್ತು. ಜೂನ್‌ನಲ್ಲಿ ನಾನೇ ತೊಳೆದು ಶಾಲೆಗೆ ಕೊಟ್ಟೆ. ಈಗ ಧ್ವಜದ ಕಟ್ಟೆಯ ಪಕ್ಕ ನಿಂತಿದೆ. ದಿನಕ್ಕೆ ಇಬ್ಬರು ಮಕ್ಕಳ ಪಾಳಿ.

ಆ ಮಳೆಯ ಮಾರನೇ ದಿನ ನಾನು ಅಲ್ಲೇ ಇದ್ದೆ. ಇಬ್ಬರೂ ನೀರನ್ನು ಗಾಜಿನ ಜಾಡಿಗೆ ಒಂದು ಹನಿ ಚೆಲ್ಲದ ಹಾಗೆ ಬಗ್ಗಿಸಿದರು. ಜಾಡಿಯನ್ನು ಕಟ್ಟೆ ಮೇಲೆ ಇಟ್ಟರು. ನೀರಿನ ಗೆರೆ ಕಣ್ಣಿನ ನೇರಕ್ಕೆ ಬರಬೇಕು ಅಂತ ಸರ್ ಹೇಳಿಕೊಟ್ಟಿದ್ದಾರೆ. ಎರಡನೇ ಕ್ಲಾಸಿನ ಹುಡುಗ ಅದಕ್ಕೆ ಹೊಟ್ಟೆ ಅಡಿ ಮಾಡಿ ನೆಲದ ಮೇಲೆ ಮಲಗಿಯೇ ಬಿಟ್ಟ. ಒಂದು ಕಣ್ಣು ಮುಚ್ಚಿ ನೋಡಿ "ಎಂಬತ್ತೆರಡು" ಅಂದ. 82 ಸೆಂಟ್. ಬೋರ್ಡ್ ಮೇಲೆ ಬರೆದರು. ನಮ್ಮ ಮನೆಗಳಲ್ಲಿ ಮಳೆ ಲೆಕ್ಕ ಸೆಂಟು, ಇಂಚು. ಪುಸ್ತಕದಲ್ಲಿ ಮಿಲಿಮೀಟರ್. ಸರ್ ಎರಡನ್ನೂ ಸೇರಿಸಿ ಲೆಕ್ಕ ಕೊಟ್ಟರು. 100 ಸೆಂಟ್ ಅಂದರೆ ಒಂದು ಇಂಚು, ಒಂದು ಇಂಚು ಅಂದರೆ 25.4 ಮಿಲಿಮೀಟರ್, ಹಾಗಾದರೆ 82 ಸೆಂಟಿಗೆ ಎಷ್ಟು? ಐದನೇ ಕ್ಲಾಸಿನವರು ಗುಣಿಸಿ ಗುಣಿಸಿ ಸುಮಾರು 21 ಮಿಲಿಮೀಟರ್ ಅಂತ ತಂದರು. ನನ್ನ ಮಗಳು ಸಂಜೆ ಮನೆಗೆ ಬಂದು ಅವರಪ್ಪನಿಗೆ ಅದನ್ನೇ ಮತ್ತೆ ಪಾಠ ಮಾಡಿದಳು.

ಆಮೇಲೆ ಹೂ ಯಾವತ್ತು ಬಿಡುತ್ತೆ ಅಂತ ಕಾಯುವ ಆಟ. ಮಳೆ ಬಿದ್ದ ಎಂಟು, ಹತ್ತು ದಿನಕ್ಕೆ ರೊಬಸ್ಟಾ ಕಾಫಿ ಹೂ ಬಿಡುತ್ತೆ ಅಂತ ನಮಗೆಲ್ಲ ಗೊತ್ತು. ಮಕ್ಕಳು ದಿನಾ ಬರುವಾಗ ದಾರಿ ಪಕ್ಕದ ಗಿಡದ ಮೊಗ್ಗು ನೋಡಿಕೊಂಡು ಬಂದರು. ಒಂಬತ್ತನೇ ದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಂತಾಗ ಪರಿಮಳ ಹೇಗಿತ್ತು ಗೊತ್ತಾ ಅತ್ತಿಗೆ? ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿತ್ತು. ಅವತ್ತು ಪಾಠ ಆಚೆಯೇ ಆಯಿತು. ರೊಬಸ್ಟಾ ತನ್ನದೇ ಗಿಡದ ಪರಾಗದಿಂದ ಕಾಯಿ ಕಚ್ಚುವುದಿಲ್ಲ, ಬೇರೆ ಗಿಡದಿಂದ ಗಾಳಿಯೋ ಜೇನೋ ತರಬೇಕು, ಅರೇಬಿಕಾ ಕಾಫಿಗೆ ಆ ತೊಂದರೆ ಇಲ್ಲ ಅಂತ ಸರ್ ಹೇಳಿದರು. ಇಷ್ಟು ವರ್ಷ ತೋಟದಲ್ಲಿದ್ದೂ ನಾನು ಇದನ್ನು ಇಷ್ಟು ಸರಿಯಾಗಿ ತಿಳಿದುಕೊಂಡಿರಲಿಲ್ಲ.

ಬೋರ್ಡ್ ಮೇಲೆ ಬರೆಯುವವಳು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ. ಅಸ್ಸಾಮಿನವಳು. ಅಪ್ಪ ಅಮ್ಮ ಕಾಫಿ ಕುಯ್ಲಿಗೆ ಅಂತ ಬಂದವರು, ಮೇಲಿನ ತೋಟದ ಲೈನಿನಲ್ಲಿ, ಅಂದರೆ ಕೆಲಸದವರ ಸಾಲು ಮನೆಯಲ್ಲಿ ಇದ್ದಾರೆ. ಎರಡು ವರ್ಷದ ಹಿಂದೆ ಬಂದಾಗ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಈಗ ಇಡೀ ಶಾಲೆಯಲ್ಲಿ ಅವಳ ಅಕ್ಷರವೇ ದುಂಡಗೆ. ಹೂ ನೋಡುತ್ತಾ ನಿಂತಿದ್ದವಳು ನನಗೆ ಹೇಳಿದಳು, "ಆಂಟಿ, ನಮ್ಮೂರಲ್ಲಿ ಟೀ ಎಲೆ ಕೀಳುತ್ತಾರೆ. ಅಲ್ಲಿ ಹೂವಿಗೆ ಯಾರೂ ಕಾಯಲ್ಲ." ಆ ಮಾತು ನನ್ನ ಮನಸ್ಸಿನಲ್ಲೇ ಕೂತಿದೆ.

ವಾರ್ಷಿಕೋತ್ಸವದ ಫೋಟೋ ನೀವು ನೋಡಿದ್ದೀರಿ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಚೆನ್ನಾಗಿ ಆಯಿತು, ಕರೆಂಟೂ ಹೋಗಲಿಲ್ಲ. ಮಕ್ಕಳ ಸಂತೆ ಮಾತ್ರ ನೀವು ಬಂದು ನೋಡಬೇಕಿತ್ತು. ಕರಿಬೇವು, ಚಕ್ಕೋತ, ಬಾಳೆಹೂ, ಎಳೆ ಹಲಸು, ಮಜ್ಜಿಗೆ, ಚುರುಮುರಿ, ಎಲ್ಲ ಇತ್ತು. ಇದೇ ಹುಡುಗಿ ಸೂಜಿಮೆಣಸು ತಂದಿದ್ದಳು. ಬಾಳೆ ಎಲೆಯ ತುಂಡನ್ನು ಸುತ್ತಿ ಪೊಟ್ಟಣ ಮಾಡಿ, ಒಂದಕ್ಕೆ ಹತ್ತು ರೂಪಾಯಿ. ಸ್ವಲ್ಪ ಕಡಿಮೆ ಮಾಡು ಅಂದೆ. "ಬಿಸಿಲಲ್ಲಿ ಒಂದೊಂದೇ ಕಿತ್ತಿದ್ದು ಆಂಟಿ, ಆಗಲ್ಲ" ಅಂದಳು. ಮೂರು ಪೊಟ್ಟಣ ತಗೊಂಡು ಐವತ್ತರ ನೋಟು ಕೊಟ್ಟೆ. ಬೆರಳು ಮಡಚಿ ತನ್ನ ಭಾಷೆಯಲ್ಲಿ ಬಾಯೊಳಗೇ ಎಣಿಸಿದಳು. ಆಮೇಲೆ ಕನ್ನಡದಲ್ಲಿ "ಇಪ್ಪತ್ತು ವಾಪಸ್" ಅಂತ ಕೈಗೆ ಇಟ್ಟಳು.

ಊಟದ್ದೂ ಕೇಳಿದ್ದಿರಿ. ಬಿಸಿಯೂಟ ಸರಿಯಾಗಿ ನಡೀತಿದೆ. ಹಾಲು ಇದೆ, ರಾಗಿ ಮಾಲ್ಟ್ ಇದೆ, ಮೊಟ್ಟೆ ಇದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಅಡುಗೆ ಅಕ್ಕ ಕೈತೋಟದ ಸೊಪ್ಪು ಹಾಕಿ ಸಾರು ಮಾಡುತ್ತಾರೆ. ಆನೆ ಓಡಾಟ ಇದ್ದ ದಿನ ಮಾತ್ರ ಕಷ್ಟ. ಎರಡು ಬೆಳಿಗ್ಗೆ ಕೆಳಗಿನ ದಾರಿಯಲ್ಲಿ ಆನೆ ಇದೆ ಅಂತ ಮೆಸೇಜ್ ಬಂತು, ಮಕ್ಕಳನ್ನು ಜೀಪಿನಲ್ಲೇ ಕರೆದುಕೊಂಡು ಹೋದೆವು.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಶಾಲೆಯಲ್ಲಿ ಈಗ ಒಂದರಿಂದ ಐದರವರೆಗೆ 34 ಮಕ್ಕಳು. ಅದರಲ್ಲಿ 9 ಮಕ್ಕಳು ಲೈನ್ ಮನೆಯವರು, ಹೊರಗಿನಿಂದ ಬಂದವರು. ಆ ಒಂಬತ್ತು ಮಕ್ಕಳಿಲ್ಲದಿದ್ದರೆ ಶಾಲೆ ಎಷ್ಟು ಬರಿದಾಗುತ್ತಿತ್ತು ನೀವೇ ಯೋಚಿಸಿ. ಆದರೆ ಕುಯ್ಲು ಮುಗಿಯುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಪರೀಕ್ಷೆ ಇರುವುದು ಮಾರ್ಚ್ ಕೊನೆಯಲ್ಲಿ. ಏಪ್ರಿಲ್ ಎರಡನೇ ವಾರಕ್ಕೆ ಬೇಸಿಗೆ ರಜೆ. ಕುಯ್ಲು ಮುಗಿದ ಕೂಡಲೇ ನಾವು ಲೆಕ್ಕ ಚುಕ್ತಾ ಮಾಡುತ್ತೇವೆ, ಅವರು ಗಂಟು ಕಟ್ಟುತ್ತಾರೆ. ಇನ್ನು ನಾಲ್ಕೇ ವಾರ ಇದ್ದಿದ್ದರೆ ಮಗುವಿನ ಒಂದು ವರ್ಷ ಪೂರ್ತಿ ಆಗುತ್ತಿತ್ತು.

ಹೋದ ವರ್ಷ ಇದು ನಮ್ಮ ಮನೆಯಲ್ಲೇ ಆಯಿತು. ಬೇರೆಯವರನ್ನು ಯಾಕೆ ಹೇಳಲಿ? ನಮ್ಮ ಲೈನಿನಲ್ಲಿ ಅಕ್ಕ, ತಮ್ಮ ಇಬ್ಬರಿದ್ದರು. ಶನಿವಾರ, ಸಂಬಳದ ಬಟವಾಡೆ ದಿನ, ನಿಮ್ಮ ತಮ್ಮ, ಅಂದರೆ ನಮ್ಮ ಯಜಮಾನರು, ಲೆಕ್ಕ ಮುಗಿಸಿದರು. ನಾನು ಅಕ್ಕಿ, ಹಳೇ ಬಟ್ಟೆ ಕಟ್ಟಿಕೊಟ್ಟೆ. ಭಾನುವಾರ ಜೀಪು ಹತ್ತಿಸಿದೆವು. ಮಕ್ಕಳ ಪರೀಕ್ಷೆ ಯಾವತ್ತು ಅಂತ ನಮ್ಮಿಬ್ಬರಿಗೂ ಬಾಯಿಗೆ ಬರಲಿಲ್ಲ. ಸೋಮವಾರ ಶಾಲೆಗೆ ಹೋದಾಗ ಅಡುಗೆ ಅಕ್ಕ ಎರಡು ತಟ್ಟೆ ಹಿಡಿದುಕೊಂಡು ನಿಂತಿದ್ದರು. ತಟ್ಟೆಗಳಿಗೆ ನಂಬರ್ ಹಾಕಿಸಿದ್ದೇವಲ್ಲ, ಒಬ್ಬೊಬ್ಬರಿಗೆ ಒಂದೊಂದು. "ಇವನ್ನು ಒಳಗಿಡಲಾ, ಬರ್ತಾರಾ?" ಅಂತ ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ.

ನವೆಂಬರ್‌ನಲ್ಲಿ ಅವರು ವಾಪಸ್ ಬಂದರು. ನಡುವೆ ಇಬ್ಬರೂ ಯಾವ ಶಾಲೆಗೂ ಹೋಗಿರಲಿಲ್ಲ. ತಮ್ಮ ಎರಡನೇ ಕ್ಲಾಸಿನವನು, ಅವನು ಬೇಗ ಹೊಂದಿಕೊಂಡ. ಒಂದರಿಂದ ಮೂರರವರೆಗೆ ನಲಿಕಲಿ ಅಲ್ವಾ? ಅದರಲ್ಲಿ ಕಲಿಕೆಯ ಏಣಿ ಇರುತ್ತೆ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದಲೇ ಕಾರ್ಡ್ ಎತ್ತಿಕೊಂಡು ಮುಂದೆ ಹೋಗಬಹುದು. ಈ ಪದ್ಧತಿ ಶುರುವಾಗಿದ್ದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಎಷ್ಟು ಯೋಚನೆ ಮಾಡಿ ಮಾಡಿದ್ದಾರೆ ಅನ್ನಿಸುತ್ತೆ. ಆದರೆ ಅಕ್ಕ ನಾಲ್ಕನೇ ಕ್ಲಾಸು. ನಾಲ್ಕರಿಂದ ಆ ಏಣಿ ಇಲ್ಲ. ಪಾಠ ಮುಂದೆ ಹೋಗಿಬಿಟ್ಟಿತ್ತು. ಮೊದಲು ಗಟ್ಟಿಯಾಗಿ ಓದುತ್ತಿದ್ದ ಹುಡುಗಿ ಈಗ ಪುಸ್ತಕ ಕೊಟ್ಟರೆ ತಲೆ ತಗ್ಗಿಸುತ್ತಾಳೆ. ಮೇಡಂ ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದಾರೆ. ಸುಧಾರಿಸುತ್ತಿದ್ದಾಳೆ. ಮತ್ತೆ ಈ ಮಾರ್ಚ್‌ನಲ್ಲಿ ಎದ್ದು ಹೋದರೆ ಅವಳ ಓದು ಅಲ್ಲಿಗೇ ನಿಲ್ಲುತ್ತೆ ಅಂತ ನನಗೆ ಭಯ.

ಅದಕ್ಕೇ ಚಿಕ್ಕಪ್ಪ, ಆಲ್ದೂರಿನ ದೊಡ್ಡಮ್ಮ, ಕೊಟ್ಟಿಗೆಹಾರದ ಭಾವ, ನಿಮ್ಮೆಲ್ಲರಲ್ಲೂ ಕೇಳಿಕೊಳ್ಳುತ್ತಿದ್ದೇನೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರನ್ನು ಪರೀಕ್ಷೆ ಮುಗಿಯುವವರೆಗೆ ಇರಿಸಿಕೊಳ್ಳಿ. ಕೆಲಸ ಇಲ್ಲ ಅನ್ನುವ ಹಾಗಿಲ್ಲ. ಕಾಳುಮೆಣಸು ಇನ್ನೂ ಬಳ್ಳಿ ಮೇಲಿದೆ. ಗಿಡ ಕಸಿ, ಅಂದರೆ ಕಾಫಿ ಗಿಡದ ರೆಂಬೆ ಸವರುವುದು, ಬಾಕಿ ಇದೆ, ಹೂವಾದ ಮೇಲೆ ಕೊಡುವ ಬ್ಯಾಕಿಂಗ್ ನೀರಿಗೆ ಪೈಪ್ ಎತ್ತಿ ಇಡುವವರು ಬೇಕು, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ ಬರುತ್ತೆ. ಹೇಗೂ ಮೂಡಿಗೆರೆ ಕಡೆಯಿಂದ ಆಳು ಕರೆಸಿ ಮಾಡಿಸುತ್ತೇವೆ. ಅದೇ ಕೆಲಸವನ್ನು ಇವರಿಗೇ ಕೊಟ್ಟರಾಯಿತು. ದಿನದ ಸಂಬಳ ಪೂರ್ತಿ ಕೊಡಿ, ಮಕ್ಕಳ ನೆಪದಲ್ಲಿ ಕಡಿಮೆ ಮಾಡಬೇಡಿ. ನಾವು ಈ ಸಲ ಹಾಗೇ ಮಾಡಿದ್ದೇವೆ. ನಿಮ್ಮ ತಮ್ಮನೇ ಹೋಗಿ ಅವರ ಹತ್ತಿರ ಮಾತಾಡಿ ಒಪ್ಪಿಸಿ ಬಂದರು ಅತ್ತಿಗೆ.

ಹೋಗಲೇಬೇಕು ಅನ್ನುವವರನ್ನು ಹಿಡಿದು ನಿಲ್ಲಿಸುವುದೂ ತಪ್ಪು. ಅವರಿಗೂ ಊರಲ್ಲಿ ವಯಸ್ಸಾದವರಿದ್ದಾರೆ. ಅಂಥವರು ಇದ್ದರೆ ನಾಲ್ಕು ದಿನ ಮುಂಚೆ ಹೆಡ್‌ಮಾಸ್ಟರ್‌ಗೆ ತಿಳಿಸಿ. ಟಿಸಿ (ವರ್ಗಾವಣೆ ಪತ್ರ) ಬೇಕಿದ್ದರೆ ಟಿಸಿ, ಇಲ್ಲದಿದ್ದರೆ ಓದಿದ ಬಗ್ಗೆ ಒಂದು ಪತ್ರ, ಸರ್ಕಾರದ ದಾಖಲೆಯಲ್ಲಿ ಮಗುವಿಗೆ ಇರುವ ಸ್ಯಾಟ್ಸ್ ನಂಬರ್ ಬರೆಸಿ ಕೈಗೆ ಕೊಡಿಸಿ. ಅವರಿಗೆ ಇನ್ನೊಂದು ಮಾತು ಬಿಡಿಸಿ ಹೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಬರುವುದು ತಡವಾಯಿತು, ಜನ್ಮ ದಾಖಲೆ ಇಲ್ಲ ಅಂತ ಯಾವ ಶಾಲೆಯೂ ಮಗುವನ್ನು ಸೇರಿಸದೆ ವಾಪಸ್ ಕಳಿಸುವ ಹಾಗಿಲ್ಲ. 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ಸರಿಯಾದ ಕ್ಲಾಸಿಗೇ ಸೇರಿಸಿಕೊಳ್ಳಬೇಕು. ಅಸ್ಸಾಂ ಆಗಲಿ ಜಾರ್ಖಂಡ್ ಆಗಲಿ, ಎಲ್ಲ ಕಡೆಗೂ ಇದೇ ಕಾನೂನು. ಇದು ಗೊತ್ತಿಲ್ಲದೇ ಎಷ್ಟೋ ಜನ ಒಂದು ಸಲ ಬೇಡ ಅನ್ನಿಸಿಕೊಂಡರೆ ಸುಮ್ಮನಾಗಿಬಿಡುತ್ತಾರೆ.

ಈಗ ಅತ್ತಿಗೆ, ನಿಮ್ಮ ಎರಡನೇ ಪ್ರಶ್ನೆ. ನೋಟ್‌ಬುಕ್ ಬೇಡ, ಬ್ಯಾಗೂ ಬೇಡ. ಹೋದ ವರ್ಷ ನೀವು ಕಳಿಸಿದ್ದೇ ಬೀರುವಿನಲ್ಲಿ ಇನ್ನೂ ಇದೆ. ಬೇರೆ ಒಂದು ಸಹಾಯ ಕೇಳುತ್ತೇನೆ. ಮೇಲಿನ ತೋಟದ ಆ ದುಂಡಕ್ಷರದ ಹುಡುಗಿಯ ಮನೆಯವರು, ನಮ್ಮ ಲೈನಿನವರು, ಎರಡೂ ಕುಟುಂಬ ಬಿಹು ಹಬ್ಬಕ್ಕೆ ಊರಲ್ಲಿರಬೇಕು ಅನ್ನುತ್ತಾರೆ. ಅದು ಏಪ್ರಿಲ್ ಮಧ್ಯದಲ್ಲಿ ಬರುತ್ತೆ. ಬೆಂಗಳೂರಿನಿಂದ ಗುವಾಹಟಿಗೆ ಎರಡು ದಿನಕ್ಕಿಂತ ಜಾಸ್ತಿ ಪ್ರಯಾಣ. ಪರೀಕ್ಷೆ ಮುಗಿಸಿಕೊಂಡು ಹೊರಟರೂ ಹಬ್ಬಕ್ಕೆ ಸರಿಯಾಗಿ ಮುಟ್ಟುತ್ತಾರೆ, ನಾನು ದಿನ ಲೆಕ್ಕ ಹಾಕಿ ನೋಡಿದ್ದೇನೆ. ಆದರೆ ಟಿಕೆಟ್ ಸಿಗಬೇಕಲ್ಲ! ರಿಸರ್ವೇಶನ್ 60 ದಿನ ಮೊದಲೇ ತೆರೆದುಬಿಡುತ್ತೆ, ಹಬ್ಬದ ಹೊತ್ತಿನವು ಬೇಗ ತುಂಬುತ್ತವೆ. ಇವರು ಯಾರೋ ಏಜೆಂಟ್ ಹಿಡಿದು ದುಬಾರಿ ಕೊಡುತ್ತಾರೆ, ಅದೂ ಸಿಗದಿದ್ದರೆ ಸಿಕ್ಕ ದಿನಕ್ಕೆ ಹೊರಟುಬಿಡುತ್ತಾರೆ. ಹೋದ ವರ್ಷ ಅಷ್ಟು ಅವಸರದಲ್ಲಿ ಹೋಗಿದ್ದಕ್ಕೆ ಟಿಕೆಟ್ಟೂ ಒಂದು ಕಾರಣ ಅಂತ ಆಮೇಲೆ ಗೊತ್ತಾಯಿತು.

ನಿಮ್ಮ ಮಗ ಕಂಪ್ಯೂಟರಿನಲ್ಲಿ ಬುಕ್ ಮಾಡುವುದರಲ್ಲಿ ಚುರುಕು ಅಲ್ವಾ? ಅವನಿಗೆ ಹೇಳಿ ಏಪ್ರಿಲ್ ಮೊದಲ ವಾರದ ಕೊನೆಗೆ ದೊಡ್ಡವರು ನಾಲ್ಕು ಜನ, ಮಕ್ಕಳು ಮೂವರು, ಇಷ್ಟಕ್ಕೆ ಸ್ಲೀಪರ್ ನೋಡಿಸಿ. ದುಡ್ಡು ಅವರೇ ಕೊಡುತ್ತಾರೆ, ನಾನು ಇಸಿದುಕೊಂಡು ನಿಮ್ಮ ಖಾತೆಗೆ ಹಾಕುತ್ತೇನೆ. ಹೆಸರು, ವಯಸ್ಸು ಎಲ್ಲ ಸಂಜೆ ಲೈನಿಗೆ ಹೋಗಿ ಸರಿಯಾಗಿ ಬರೆದುಕೊಂಡು ಬಂದು ನಿಮ್ಮ ನಂಬರಿಗೆ ಕಳಿಸುತ್ತೇನೆ, ಗ್ರೂಪಿಗೆ ಹಾಕಲ್ಲ. ಪರೀಕ್ಷೆಯ ಕೊನೆಯ ದಿನ ಯಾವುದು ಅಂತ ಸರ್ ಹತ್ತಿರ ಇನ್ನೊಂದು ಸಲ ಖಾತ್ರಿ ಮಾಡಿಕೊಂಡೇ ತಾರೀಖು ಹೇಳುತ್ತೇನೆ, ಅಲ್ಲಿಯವರೆಗೆ ಬುಕ್ ಮಾಡಬೇಡಿ. ಯುಗಾದಿಗೆ ನೀವು ಬಂದಾಗ ಶಾಲೆಗೂ ಹೋಗೋಣ. ಬೋರ್ಡ್ ಮೇಲಿನ ಮಳೆ ಲೆಕ್ಕವನ್ನು ಅಳಿಸಬೇಡಿ ಅಂತ ಈಗಲೇ ಹೇಳಿಟ್ಟಿದ್ದೇನೆ.