ದಾವಣಗೆರೆಯ ಹೊಲಿಗೆ ಅಂಗಡಿಗೆ 40 ಸಾವಿರದೊಳಗೆ ಯಾವ ವಿನೈಲ್ ಕಟ್ಟರ್ ತಗೊಳ್ಳಬೇಕು?

ಸೂಜಿದಾರ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಲಿಗೆ ಅಂಗಡಿ. ಶಾಲೆಗಳ ಸ್ಪೋರ್ಟ್ಸ್ ಡ್ರೆಸ್ಸು, ಸುತ್ತಮುತ್ತಲಿನ ಕ್ರಿಕೆಟ್, ಕಬಡ್ಡಿ ಟೀಮುಗಳ ಜರ್ಸಿ ಹೊಲಿದು ಕೊಡುತ್ತೇವೆ. ಬೆನ್ನ ಮೇಲೆ ಹೆಸರು, ನಂಬರ್ ಹಾಕಿಸಲು ಮಾತ್ರ ಬೇರೆಯವರ ಬಾಗಿಲು ಕಾಯಬೇಕು. ಅವರು ಕೊಟ್ಟಾಗಲೇ ನಮಗೆ ಸಿಗುವುದು. ಟೂರ್ನಮೆಂಟಿನ ಹಿಂದಿನ ರಾತ್ರಿವರೆಗೂ ಕಾಯಿಸುತ್ತಾರೆ, ಬೈಸಿಕೊಳ್ಳುವವರು ನಾವು. ಬಿಸಿಯಿಂದ ಬಟ್ಟೆಗೆ ಒತ್ತಿ ಅಂಟಿಸುವ 15×15 ಇಂಚಿನ ಹೀಟ್ ಪ್ರೆಸ್ ನಮ್ಮಲ್ಲೇ ಇದೆ. ಈಗ ವಿನೈಲ್ ಹಾಳೆಯಲ್ಲಿ ಅಕ್ಷರ, ನಂಬರ್ ಕತ್ತರಿಸುವ ಕಟ್ಟರ್ ಒಂದು ತಂದರೆ ಕೆಲಸ ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ. ಬಜೆಟ್ 40 ಸಾವಿರ, ಅದರ ಮೇಲೆ ಹೋಗಲು ಆಗುವುದಿಲ್ಲ. ನೋಡಿರುವುದು ಮೂರು: 12 ಇಂಚಿನ ಸಿಲೂಯೆಟ್ ಕ್ಯಾಮಿಯೋ, 2 ಅಡಿಯ ಚೈನಾ ಕಟ್ಟರ್, ಮತ್ತೆ ಒಬ್ಬರು ಮಾರಲು ಇಟ್ಟಿರುವ ಹಳೆಯ ಗ್ರಾಫ್‌ಟೆಕ್. ರಾಜ್ಯೋತ್ಸವಕ್ಕೆ ಟಿ-ಶರ್ಟ್ ಆರ್ಡರೂ ಬರುತ್ತದೆ, ಅದರಲ್ಲಿ ಪೂರ್ತಿ ಕನ್ನಡ ಬರಹ. ಅನುಭವ ಇರುವವರು ದಯವಿಟ್ಟು ಹೇಳಿ.

ರೇಡಿಯಂ ಹುಬ್ಬಳ್ಳಿ
ಅಕ್ಕಾರ, ಕಣ್ಣು ಮುಚ್ಚಿ 2 ಅಡಿಯ ಮಷೀನ್ ತಗೊಳ್ಳಿ. ಟಿ-ಶರ್ಟ್ ವಿನೈಲ್ ರೋಲ್ ಸಾಮಾನ್ಯವಾಗಿ ಬರುವುದೇ 50 ಸೆಂ.ಮೀ. ಅಗಲದಲ್ಲಿ, 25 ಮೀಟರ್ ಉದ್ದ. ಅದನ್ನು ಹಾಗೆಯೇ ಹಾಕಿ ಓಡಿಸಬಹುದು. 12 ಇಂಚಿನ ಮಷೀನ್ ಅಂದರೆ ರೋಲನ್ನು ಮೊದಲು ಸೀಳಬೇಕು. ಹದಿನೈದು ಜನರ ಟೀಮಿನ ನಂಬರ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಒಂದೇ ಸಲಕ್ಕೆ ಕಟ್ ಮಾಡಿದರೆ ಎಷ್ಟು ಮಾಲು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಇನ್ನೊಂದು ಮಾತು. ನಮ್ಮ ಅಂಗಡಿ ನಡೆಯುತ್ತಿದ್ದದ್ದೇ ನಂಬರ್ ಪ್ಲೇಟಿನ ಮೇಲೆ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಪ್ಲೇಟ್ ಬಂತು, 2023ರಲ್ಲಿ ಹಳೆಯ ಗಾಡಿಗಳಿಗೂ ಕಡ್ಡಾಯ ಅಂದರು. ಆ ಕೆಲಸ ಹೋದ ಮೇಲೆ ಅದೇ ಚೈನಾ ಕಟ್ಟರ್‌ನಲ್ಲಿ ಟಿ-ಶರ್ಟ್ ಕೆಲಸ ಹಿಡಿದೆವು. ಇವತ್ತಿಗೂ ಅದೇ ಓಡುತ್ತಿದೆ.

ಫಿಲ್ಮ್‌ರೋಲ್
ಕಟ್ಟರ್ ಯಾಕೆ ಬೇಕು ಅಂತ ಮೊದಲು ಕೇಳಿಕೊಳ್ಳಿ. ಈಗ ಎಲ್ಲ ಕಡೆ ಡಿಟಿಎಫ್, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ಮಾಡಿ ಬಟ್ಟೆಗೆ ಒತ್ತುವುದು. ಡಿಸೈನ್ ಕಳಿಸಿ, ಮೀಟರ್ ಲೆಕ್ಕದಲ್ಲಿ ಫಿಲ್ಮ್ ಪ್ರಿಂಟ್ ಮಾಡಿಸಿ ತರಿಸಿಕೊಳ್ಳಿ, ನಿಮ್ಮ ಪ್ರೆಸ್‌ನಲ್ಲಿ ಒತ್ತಿ. ಬಣ್ಣ ಎಷ್ಟಾದರೂ ಇರಲಿ, ಫೋಟೋ ಬೇಕಾದರೂ ಬರಲಿ. ಕತ್ತರಿಸಿದ ಮೇಲೆ ಅಕ್ಷರದ ಸುತ್ತಲಿನ ಬೇಡದ ವಿನೈಲ್ ಕೀಳುತ್ತಾ ಕೂರುವ ಕೆಲಸವೇ ಇಲ್ಲ. 40 ಸಾವಿರ ಮಷೀನಿಗೆ ಹಾಕುವ ಬದಲು ಬಟ್ಟೆಗೆ ಹಾಕಿ ಮೇಡಂ.

ಸೂಜಿದಾರ, ದಾವಣಗೆರೆ
ಡಿಟಿಎಫ್ ತರಿಸಿ ನೋಡಿದ್ದೇವೆ ಸರ್. ಲೋಗೋಗೆ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ತಾಪತ್ರಯ ಬೇರೆ. ಸಂಜೆ ಏಳಕ್ಕೆ ಫೋನ್ ಬರುತ್ತದೆ: "ಅಕ್ಕಾ, ಒಬ್ಬ ಹುಡುಗ ಬದಲಾದ, 7ರ ಬದಲು 18 ಹಾಕಿಕೊಡಿ, ಬೆಳಗ್ಗೆ ಮ್ಯಾಚ್." ಆ ಒಂದು ನಂಬರ್‌ಗಾಗಿ ಎಲ್ಲಿಗೆ ಫೈಲ್ ಕಳಿಸಲಿ?

ಫಿಲ್ಮ್‌ರೋಲ್
ಅದು ಒಪ್ಪುವ ಮಾತು. ಒಂದೊಂದು ಹೆಸರು, ಒಂದೊಂದು ನಂಬರ್, ಅದೂ ತಕ್ಷಣ ಅಂದರೆ ಕಟ್ಟರ್ ಪಕ್ಕದಲ್ಲಿರಬೇಕು. ಡಿಟಿಎಫ್ ಪ್ರಿಂಟರನ್ನೇ ತರುತ್ತೇವೆ ಅಂತ ಮಾತ್ರ ಹೊರಡಬೇಡಿ. ಬಿಳಿ ಇಂಕು ತಳಕ್ಕೆ ಕೂರುತ್ತದೆ, ನಾಲ್ಕು ದಿನ ಓಡಿಸದಿದ್ದರೆ ಹೆಡ್ ಕಟ್ಟಿಕೊಳ್ಳುತ್ತದೆ. ದಿನಾ ಕೆಲಸ ಇರುವವರಿಗೆ ಮಾತ್ರ ಅದು.

ಕಾಗದದ ಹೂವು, ಮೈಸೂರು
ನಾನು ಕ್ಯಾಮಿಯೋ ಬಳಸುತ್ತೇನೆ, ಅದರ ಪರವಾಗಿ ಹೇಳುವವರು ಯಾರೂ ಇಲ್ಲ ಅಂತ ಬರೆಯುತ್ತಿದ್ದೇನೆ. ಮನೆಯ ಟೇಬಲ್ ಮೇಲೆ ಕೂರುತ್ತದೆ, ಸದ್ದು ಕಡಿಮೆ, ಚಿಕ್ಕ ಅಕ್ಷರ ಶುದ್ಧವಾಗಿ ಕತ್ತರಿಸುತ್ತದೆ. ಟಿ-ಶರ್ಟ್ ವಿನೈಲ್‌ಗೆ ಹಿಂದೆ ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಯಾರಿಯರ್ ಶೀಟ್ ಇರುವುದರಿಂದ, ಮಾಲನ್ನು ಅಂಟಿಸಿ ಓಡಿಸುವ ಮ್ಯಾಟೂ ಬೇಡ. ಜರ್ಸಿ ನಂಬರ್ ಸಾಮಾನ್ಯವಾಗಿ 8 ಇಂಚು ಎತ್ತರ. ಉದ್ದದ ಹೆಸರನ್ನು ರೋಲ್ ಉದ್ದಕ್ಕೆ ತಿರುಗಿಸಿ ಇಟ್ಟರಾಯಿತು. ಹಾಗಾಗಿ 12 ಇಂಚಿನಲ್ಲಿ ಆಗದ ಜರ್ಸಿ ಕೆಲಸ ಯಾವುದು ಹೇಳಿ? 50 ಸೆಂ.ಮೀ. ರೋಲನ್ನು 30 ಮತ್ತು 20 ಅಂತ ಸೀಳಿದರೆ 30ರಲ್ಲಿ ನಂಬರ್, ಉಳಿದ ಪಟ್ಟಿಯಲ್ಲಿ ಹೆಸರು.

ಒಂದು ಕೊರತೆ ಮಾತ್ರ ಹೇಳಲೇಬೇಕು. ಜೊತೆಗೆ ಬರುವ ಬೇಸಿಕ್ ಸಾಫ್ಟ್‌ವೇರ್ ಎಸ್‌ವಿಜಿ ಅನ್ನುವ ಮಾದರಿಯ ಡಿಸೈನ್ ಫೈಲ್ ತೆರೆಯುವುದಿಲ್ಲ, ಅದಕ್ಕೆ ದುಡ್ಡು ಕೊಟ್ಟು ಡಿಸೈನರ್ ಎಡಿಷನ್ ತಗೋಬೇಕು. ಡಿಎಕ್ಸ್‌ಎಫ್ ಅನ್ನುವ ಇನ್ನೊಂದು ಮಾದರಿಯ ಫೈಲ್ ತೆರೆಯುತ್ತದೆ, ನಾನು ಅದರಲ್ಲೇ ಸಾಗಿಸುತ್ತೇನೆ.

ಕ್ರಿಕಟ್ ಕಂಪನಿಯ ಕಟ್ಟರ್ ಬಗ್ಗೆ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅಂಗಡಿ ಕೆಲಸಕ್ಕೆ ಬೇಡ. ಅದು ಕಂಪನಿಯ ಸ್ವಂತ ಡಿಸೈನ್ ಸ್ಪೇಸ್ ಬಿಟ್ಟು ಬೇರೆ ಸಾಫ್ಟ್‌ವೇರ್‌ನಿಂದ ಓಡುವುದಿಲ್ಲ. 2021ರ ಮಾರ್ಚ್‌ನಲ್ಲಿ, ದುಡ್ಡು ಕಟ್ಟದವರು ತಿಂಗಳಿಗೆ 20 ಡಿಸೈನ್ ಮಾತ್ರ ಅಪ್‌ಲೋಡ್ ಮಾಡಬಹುದು ಅಂತ ನಿಯಮ ತರಲು ಹೊರಟಿದ್ದರು. ಜನ ಗಲಾಟೆ ಮಾಡಿದ ಮೇಲೆ ಕೈಬಿಟ್ಟರು. ನಮ್ಮ ಹೊಟ್ಟೆಪಾಡು ಇನ್ನೊಬ್ಬರ ಸರ್ವರ್ ಮೇಲೆ ನಿಲ್ಲಬಾರದು.

ರೇಡಿಯಂ ಹುಬ್ಬಳ್ಳಿ
ಮೈಸೂರಿನ ಮೇಡಂ, ನಿಮ್ಮದು ಗಿಫ್ಟ್ ಕೆಲಸ, ಅಲ್ಲಿಗೆ ಸರಿ. ಜೂನ್‌ನಲ್ಲಿ ಶಾಲೆ ಶುರುವಾದಾಗ ಬೆಳಗ್ಗೆಯಿಂದ ರಾತ್ರಿವರೆಗೆ ಓಡಿಸಿದರೆ ಅದು ತಡೆಯುತ್ತದಾ? ಚೈನಾ ಮಷೀನ್‌ನಲ್ಲಿ ಬ್ಲೇಡ್ ಒತ್ತುವ ಫೋರ್ಸ್ 500 ಗ್ರಾಂ ಇದೆ.

ಬೆಲ್ಟು-ಪುಲ್ಲಿ
ನಾನು ಈ ಮಷೀನುಗಳ ಸರ್ವಿಸ್ ಮಾಡುವವನು. ಮಾರುವವನಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

500 ಗ್ರಾಂ ಅನ್ನುವುದನ್ನು ತಲೆಯಿಂದ ತೆಗೆಯಿರಿ. ಟಿ-ಶರ್ಟ್ ವಿನೈಲ್‌ನ ಪಿಯು (ಪಾಲಿಯುರೆಥೇನ್) ಪದರ 90 ಮೈಕ್ರಾನ್ ಆಸುಪಾಸು. ಅದಕ್ಕೆ ನೂರು ಗ್ರಾಂ ಹತ್ತಿರದ ಒತ್ತಡ ಸಾಕಾಗುತ್ತದೆ. ಮಿನುಗುವ ಗ್ಲಿಟರ್, ಮಖಮಲ್ಲಿನಂಥ ಫ್ಲಾಕ್ ವಿನೈಲ್ ಇದ್ದರೆ ಜಾಸ್ತಿ ಬೇಕು, 60 ಡಿಗ್ರಿ ಬ್ಲೇಡೂ ಬೇಕು. ಮಾಮೂಲಿ ಕೆಲಸಕ್ಕೆ 45 ಡಿಗ್ರಿ ಬ್ಲೇಡು. ನೋಡಬೇಕಾದದ್ದು ಕಡಿಮೆ ಒತ್ತಡದಲ್ಲಿ ಮಷೀನ್ ಎಷ್ಟು ಸಮನಾಗಿ ಕತ್ತರಿಸುತ್ತದೆ ಅನ್ನುವುದನ್ನು. ರೋಲಿನ ಎಡ ತುದಿಯಲ್ಲಿ ಒಂದು ಚೌಕ, ಬಲ ತುದಿಯಲ್ಲಿ ಒಂದು ಚೌಕ ಕಟ್ ಮಾಡಿಸಿ. ಎರಡೂ ಒಂದೇ ಸಲೀಸಾಗಿ ಎದ್ದು ಬರಬೇಕು. ಒಂದು ಕಡೆ ಎದ್ದು ಇನ್ನೊಂದು ಕಡೆ ಅಂಟಿಕೊಂಡಿದ್ದರೆ ಬ್ಲೇಡ್ ಓಡುವ ದಾರಿಯೇ ಸಮ ಇಲ್ಲ ಅಂತ ಅರ್ಥ. ಆಮೇಲೆ ಕ್ಯಾರಿಯರ್ ಶೀಟ್ ಹಿಂದೆ ಉಗುರು ಆಡಿಸಿ. ಗೆರೆ ಕಣ್ಣಿಗೆ ಕಂಡರೂ ಉಗುರಿಗೆ ಸಿಗಬಾರದು. ಸಿಕ್ಕರೆ ಬ್ಲೇಡ್ ಹೊರಗೆ ಜಾಸ್ತಿ ಬಂದಿದೆ. ಹಾಗೆಯೇ ಓಡಿಸಿದರೆ ಕೆಳಗಿನ ಕಟಿಂಗ್ ಸ್ಟ್ರಿಪ್‌ನಲ್ಲಿ ಗುಳಿ ಬೀಳುತ್ತದೆ. ಒಮ್ಮೆ ಗುಳಿ ಬಿದ್ದರೆ ಮುಂದೆ ಯಾವ ಸೆಟ್ಟಿಂಗ್ ಹಾಕಿದರೂ ಆ ಜಾಗದಲ್ಲಿ ಕಟ್ ಕೆಡುತ್ತದೆ.

ಎರಡನೆಯದು ಮೋಟಾರ್. ಅಗ್ಗದ ಮಷೀನುಗಳಲ್ಲಿ ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್, ಗ್ರಾಫ್‌ಟೆಕ್ ಸಿಇ7000, ರೋಲ್ಯಾಂಡ್ ಜಿಎಸ್-24 ತರಹದವುಗಳಲ್ಲಿ ತನ್ನ ಜಾಗ ತಾನೇ ನೋಡಿ ಸರಿಪಡಿಸಿಕೊಳ್ಳುವ ಸರ್ವೋ. ಸ್ಟೆಪ್ಪರ್ ಸದ್ದು ಮಾಡುತ್ತದೆ, ವೇಗ ಹೆಚ್ಚಿಸಿದರೆ ಹೆಜ್ಜೆ ತಪ್ಪುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡುವುದು ಸುಲಭ. ಬ್ಲೇಡ್ ಜಾಗಕ್ಕೆ ಪೆನ್ ಹಾಕಿಸಿ, ಕಾಗದ ಕೂರಿಸಿ, ಒಂದೇ ಚಿತ್ರವನ್ನು ಅದೇ ಜಾಗದಲ್ಲಿ ಎರಡು ಸಲ ಬರೆಸಿ. ಎರಡನೇ ಗೆರೆ ಮೊದಲನೆಯದರ ಮೇಲೇ ಕೂರಬೇಕು. ಪಕ್ಕಕ್ಕೆ ಸರಿದರೆ ಆ ಮಷೀನ್ ಬೇಡ. ಇನ್ನು ವೃತ್ತವನ್ನು ಪೆನ್ನಿನಲ್ಲಿ ಬರೆಸದೆ, ಬ್ಲೇಡ್ ಹಾಕಿ ಕತ್ತರಿಸಿ. ಶುರುವಾದ ಜಾಗಕ್ಕೇ ಬಂದು ಮುಗಿಯದಿದ್ದರೆ ಮೊದಲು ಬ್ಲೇಡ್ ಆಫ್‌ಸೆಟ್ (ಬ್ಲೇಡಿನ ಮೊನೆ ಅದರ ನಡುಗೆರೆಯಿಂದ ಎಷ್ಟು ಪಕ್ಕಕ್ಕಿದೆ ಅನ್ನುವ ಸೆಟ್ಟಿಂಗ್) ನೋಡಿ, ಸಾಮಾನ್ಯವಾಗಿ 0.25 ಮಿ.ಮೀ. ಇರುತ್ತದೆ. ಅದು ಸರಿಯಿದ್ದೂ ಸೇರದಿದ್ದರೆ ತೊಂದರೆ ಮಷೀನಿನಲ್ಲಿದೆ.

ಮಲೆನಾಡಿಗ
ನಮ್ಮ ಕಡೆ ಒಬ್ಬ ವ್ಯಾಪಾರಿ ಚೈನಾ ಮಷೀನ್ ಕೊಟ್ಟು ಆಮೇಲೆ ಫೋನೇ ಎತ್ತಲಿಲ್ಲ. ಕೊಂಡಿದ್ದು ನನ್ನ ತಮ್ಮ. ಅರ್ಧ ಕಟ್ ಆಗಿ ನಿಲ್ಲುತ್ತಿತ್ತು, ಕಂಪ್ಯೂಟರ್ "ಪೋರ್ಟ್ ಇಲ್ಲ" ಅನ್ನುತ್ತಿತ್ತು. ಬೋರ್ಡ್ ಬದಲಿಸಬೇಕು ಅಂತ ಒಬ್ಬರು, ಕೇಬಲ್ ಅಂತ ಇನ್ನೊಬ್ಬರು. ಇಂಥದ್ದಕ್ಕೆ ಏನು ಮಾಡುವುದು?

ಬೆಲ್ಟು-ಪುಲ್ಲಿ
ಬಹುಪಾಲು ಅದು ಅರ್ಥಿಂಗ್. ವಿನೈಲ್ ಉಜ್ಜಿಕೊಂಡು ಓಡುವಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಒಣ ಹವೆಯಲ್ಲಿ ಇನ್ನೂ ಜಾಸ್ತಿ. ಪ್ಲಗ್ಗಿನ ಮೂರನೇ ಪಿನ್ನಿಗೆ ನಿಜವಾದ ಅರ್ಥ್ ಇಲ್ಲದಿದ್ದರೆ ಅದು ಹೋಗುವ ದಾರಿ ಇಲ್ಲ, ಯುಎಸ್‌ಬಿ ಸಂಪರ್ಕ ತಪ್ಪಿಸುತ್ತದೆ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಬೋರ್ಡ್ ಮಾತು. ಯುಎಸ್‌ಬಿ ಕೇಬಲ್ ಚಿಕ್ಕದಿರಲಿ. ಪ್ರತಿ ಸಲ ಅದೇ ತೂತಿಗೇ ಚುಚ್ಚಿ, ಇಲ್ಲದಿದ್ದರೆ ಕಂಪ್ಯೂಟರ್ ಮಷೀನನ್ನು ಗುರುತಿಸುವ ಕಾಮ್ ಪೋರ್ಟ್ ನಂಬರ್ ಬದಲಾಗುತ್ತದೆ.

ಅಕ್ಷರಮಾಲೆ
ಎಲ್ಲರೂ ಮಷೀನಿನ ಬಗ್ಗೆಯೇ ಹೇಳುತ್ತಿದ್ದೀರಿ. ಅವರು ಕನ್ನಡ ಬರಹ ಅಂದಿದ್ದನ್ನು ಯಾರೂ ಹಿಡಿಯಲಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ (ಯೂನಿಕೋಡ್ ಅಲ್ಲದ) ಫಾಂಟ್‌ಗಳಲ್ಲಿ, ಕೋರೆಲ್ ಡ್ರಾ ಬಳಸಿ ಡಿಸೈನ್ ಮಾಡುವವರೇ ನಮ್ಮಲ್ಲಿ ಹೆಚ್ಚು, ಅಲ್ವಾ? ಆ ಫಾಂಟ್‌ಗಳಲ್ಲಿ 'ಕ' ಒಂದೇ ತುಂಡಲ್ಲ. ಕೆಳಗಿನ ಒಡಲು ಒಂದು, ಮೇಲಿನ ತಲೆಕಟ್ಟು ಬೇರೊಂದು. ಎರಡೂ ಒಂದರ ಮೇಲೊಂದು ಸ್ವಲ್ಪ ಏರಿಕೊಂಡು ಕೂತಿರುತ್ತವೆ. ಪ್ರಿಂಟ್‌ನಲ್ಲಿ ಗೊತ್ತೇ ಆಗುವುದಿಲ್ಲ, ಎರಡೂ ಒಂದೇ ಬಣ್ಣ. ಕಟ್ಟರ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ಕತ್ತರಿಸುತ್ತದೆ. 'ಕನ್ನಡ' ಅಂತ ಕಟ್ ಮಾಡಿ ಬೇಡದ ವಿನೈಲ್ ಕೀಳಲು ಹೋದರೆ ತಲೆಕಟ್ಟು ಕೈಗೇ ಬರುತ್ತದೆ. ಲಕ್ಷ ರೂಪಾಯಿ ಮಷೀನಾದರೂ ಇದೇ ಕಥೆ.

ಮಾಡಬೇಕಾದದ್ದು ಸುಲಭ. ಅಕ್ಷರಗಳನ್ನು ಕರ್ವ್ (ಬರೀ ಗೆರೆಯ ಆಕಾರ) ಮಾಡಿ, ಎಲ್ಲವನ್ನೂ ಹಿಡಿದು ಒಂದೇ ತುಂಡಾಗಿ ಸೇರಿಸುವ ವೆಲ್ಡ್ ಕೊಡಿ. ಆಮೇಲೆ ಬರೀ ಅಂಚುಗೆರೆ ತೋರಿಸುವ ವೈರ್‌ಫ್ರೇಮ್ ನೋಟದಲ್ಲಿ ನೋಡಿ, ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆ ಒಂದೂ ಇರಬಾರದು. ದುಡ್ಡು ಹಾಕದೆ ಮಾಡಬೇಕು ಅಂದರೆ ಇಂಕ್‌ಸ್ಕೇಪ್ ಅನ್ನುವ ಸಾಫ್ಟ್‌ವೇರ್ ಇದೆ. ಯೂನಿಕೋಡ್ ಕನ್ನಡ ಅದರಲ್ಲಿ ಸರಿಯಾಗಿ ಕೂರುತ್ತದೆ, ಪಾತ್ ಮೆನುವಿನ ಯೂನಿಯನ್ ಕೊಟ್ಟರೆ ಎಲ್ಲ ಒಂದಾಗುತ್ತದೆ. ಅಲ್ಲಿಂದಲೇ ಡಿಎಕ್ಸ್‌ಎಫ್ ಆಗಿಯೂ ಉಳಿಸಬಹುದು, ಮೈಸೂರಿನವರ ಕ್ಯಾಮಿಯೋಗೂ ನಡೆಯುತ್ತದೆ.

ಒತ್ತಕ್ಷರದ ವಿಷಯ ಇನ್ನೂ ಇದೆ. ಇಂಗ್ಲಿಷಿನ ದಪ್ಪ ಅಕ್ಷರ ಕತ್ತರಿಸಿ ತೋರಿಸಿ ಮಷೀನ್ ಮಾರುತ್ತಾರೆ. ನಮ್ಮ 'ಷ್ಟ್ರ', 'ಕ್ಷ್ಮಿ' ಬಂದಾಗ ಗೊತ್ತಾಗುತ್ತದೆ ಮಷೀನಿನ ಯೋಗ್ಯತೆ. ಸಣ್ಣ ಸುಳಿ, ಒಳಗೆ ಅಕ್ಕಿಕಾಳಿನಷ್ಟು ಖಾಲಿ ಜಾಗ, ಕ್ಷಣಕ್ಷಣಕ್ಕೂ ತಿರುವು. ವೇಗ ತೀರಾ ಇಳಿಸಬೇಕು. ಗೆರೆ ಒಂದು ಮಿ.ಮೀ.ಗಿಂತ ಸಣ್ಣ ಇದ್ದರೆ ಕೀಳುವಾಗ ಜೊತೆಗೇ ಎದ್ದು ಬರುತ್ತದೆ, ಬಟ್ಟೆಗೆ ಹತ್ತಿದರೂ ಒಗೆತಕ್ಕೆ ನಿಲ್ಲುವುದು ಕಷ್ಟ. ಅದಕ್ಕೇ ಜರ್ಸಿಗೆ ದಪ್ಪ ಕನ್ನಡ ಫಾಂಟ್ ಆರಿಸಿ. ಡೆಮೊಗೆ ಹೋಗುವಾಗ ಇಂಥ ನಾಲ್ಕು ಹೆಸರು ವೆಲ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅವರ ಫೈಲ್ ಬೇಡ, ನಿಮ್ಮದೇ ಕತ್ತರಿಸಿ ತೋರಿಸಲಿ.

ಕಾಗದದ ಹೂವು, ಮೈಸೂರು
ಇದನ್ನು ಪ್ರತಿ ಮಾರಾಟದ ಅಂಗಡಿಯ ಗೋಡೆ ಮೇಲೆ ಬರೆಯಬೇಕು. ಇದೇ ಪರೀಕ್ಷೆಯಲ್ಲಿ ಕ್ಯಾಮಿಯೋ ಗೆಲ್ಲುತ್ತದೆ ಅಂತ ನನ್ನ ನಂಬಿಕೆ.

ರೇಡಿಯಂ ಹುಬ್ಬಳ್ಳಿ
ಸಣ್ಣ ಅಕ್ಷರಕ್ಕೆ ಕ್ಯಾಮಿಯೋ ಮೇಲು ಅನ್ನುವುದನ್ನು ಒಪ್ಪಿದೆ. ಅಕ್ಕಾವರಿಗೆ ಬೇಕಿರುವುದು ಬೆನ್ನ ಮೇಲಿನ ದೊಡ್ಡ ಹೆಸರು, ನಂಬರ್. ಅದಕ್ಕೆ 2 ಅಡಿಯೇ ಸರಿ ಅನ್ನುವ ಮಾತು ನಾನು ಬಿಡುವುದಿಲ್ಲ. ಚಿಲ್ಲರೆ ಸ್ಟಿಕರ್ ಕೆಲಸ ಬಂದರೂ ಅದರಲ್ಲೇ ಆಗುತ್ತದೆ.

ಸೂಜಿದಾರ, ದಾವಣಗೆರೆ
ತುಂಬಾ ಉಪಕಾರ ಆಯಿತು. ಹಳೆಯ ಗ್ರಾಫ್‌ಟೆಕ್ ಬಗ್ಗೆ ಯಾರೂ ಹೇಳಲಿಲ್ಲ. ಬೆಲೆ ಬಜೆಟ್ ಒಳಗೇ ಇದೆ. ನೋಡಲು ಹೋಗಲೇ?

ಬೆಲ್ಟು-ಪುಲ್ಲಿ
ಖಂಡಿತ ಹೋಗಿ. ನನ್ನ ಆಯ್ಕೆ ಕೇಳಿದರೆ, ಸ್ಥಿತಿ ಚೆನ್ನಾಗಿದ್ದರೆ ಅದೇ ಮೊದಲು. ಒಳ್ಳೆಯ ಸರ್ವೋ ಮಷೀನ್ ವರ್ಷಗಟ್ಟಲೆ ದುಡಿಯುತ್ತದೆ. ಕಟಿಂಗ್ ಸ್ಟ್ರಿಪ್ ಮೇಲೆ ಬೆರಳಾಡಿಸಿ. ಗುಳಿ ಇದ್ದರೆ ಬೇಡ ಅನ್ನಬೇಡಿ, ಅದು ಬದಲಿಸುವ ಭಾಗ, ಬೆಲೆಯಲ್ಲಿ ಕಳೆಯಿರಿ. ರೋಲನ್ನು ಒತ್ತಿ ಹಿಡಿಯುವ ರಬ್ಬರಿನ ಪಿಂಚ್ ರೋಲರ್ ಒಂದು ಕಡೆ ಚಪ್ಪಟೆಯಾಗಿದೆಯಾ ನೋಡಿ. ಅದರ ಲಿವರ್ ಇಳಿಸಿಯೇ ಇಟ್ಟರೆ ಹಾಗಾಗುತ್ತದೆ. ಕೊನೆಗೆ 2 ಮೀಟರ್ ಉದ್ದಕ್ಕೆ ರೋಲ್ ಓಡಿಸಿ, ಪಕ್ಕಕ್ಕೆ ಜಾರಬಾರದು. ಬಿಡಿಭಾಗ ನಿಮ್ಮ ಮಾಡೆಲ್ಲಿಗೆ ಈಗಲೂ ಸಿಗುತ್ತದಾ ಅಂತ ದುಡ್ಡು ಕೊಡುವ ಮೊದಲೇ ವಿಚಾರಿಸಿ. ಸಿಗುವುದಿಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಬಿಡಿ, ಹೊಸ 2 ಅಡಿಯದನ್ನು ಹತ್ತಿರದಲ್ಲಿ ರಿಪೇರಿ ಮಾಡುವವರಿಂದ ತಗೊಳ್ಳಿ.

ಸೂಜಿದಾರ, ದಾವಣಗೆರೆ
ಸರಿ ಅಣ್ಣ, ಭಾನುವಾರ ಹೋಗುತ್ತೇನೆ. 'ಲಕ್ಷ್ಮಿ', 'ರಾಷ್ಟ್ರ' ಎರಡನ್ನೂ ವೆಲ್ಡ್ ಮಾಡಿ ಇಟ್ಟುಕೊಂಡಿದ್ದೇನೆ. ಇನ್ನೊಂದೇ ಪ್ರಶ್ನೆ. ನಮ್ಮ ಜರ್ಸಿ ಬಹುಪಾಲು ಕೆಂಪು ಪಾಲಿಯೆಸ್ಟರ್, ಸಬ್ಲಿಮೇಷನ್ (ಬಿಸಿಗೆ ಬಣ್ಣ ಆವಿಯಾಗಿ ಬಟ್ಟೆಗಿಳಿಯುವ ಪ್ರಿಂಟ್) ಆದದ್ದು. ಅದರ ಮೇಲೆ ಬಿಳಿ ನಂಬರ್ ಒತ್ತಿದರೆ ಕೆಲವು ದಿನಕ್ಕೆ ಗುಲಾಬಿಯಾಗುತ್ತದೆ. ಬೇರೆ ಕಟ್ಟರ್‌ನಲ್ಲಿ ಕತ್ತರಿಸಿದರೆ ಇದು ಸರಿಹೋಗುತ್ತದಾ?

ಅಕ್ಷರಮಾಲೆ
ಇಲ್ಲ, ಅದಕ್ಕೂ ಕಟ್ಟರ್‌ಗೂ ಸಂಬಂಧ ಇಲ್ಲ. ಬಿಸಿಗೆ ಬಟ್ಟೆಯ ಬಣ್ಣ ಆವಿಯಾಗಿ ವಿನೈಲ್ ಒಳಗೆ ಏರುತ್ತದೆ. ಬಣ್ಣ ತಡೆಯುವ ಪದರ ಇರುವ, ಕಡಿಮೆ ಬಿಸಿಯ ವಿನೈಲ್ ಅಂತಲೇ ಕೇಳಿ ತಗೊಳ್ಳಿ. ಮಾಮೂಲಿ ಪಿಯು 150 ಡಿಗ್ರಿ ಸುಮಾರಿಗೆ 10–15 ಸೆಕೆಂಡ್ ಒತ್ತುತ್ತೇವಲ್ಲ, ಇದು 130ರ ಆಸುಪಾಸಿನಲ್ಲೇ ಹತ್ತುತ್ತದೆ. ರೋಲ್ ಮೇಲೆ ಬರೆದಿರುವ ಬಿಸಿ, ಸಮಯ ಮೀರಬೇಡಿ. ಮೊದಲು ಚೂರು ಬಟ್ಟೆಗೆ ಒತ್ತಿ ನಾಲ್ಕು ದಿನ ಬಿಟ್ಟು ನೋಡಿ, ಆಮೇಲೆ ಟೀಮಿನ ಜರ್ಸಿಗೆ ಕೈ ಹಾಕಿ.