ಮೇಜು: ಬೋರ್ಡಿಗೆ ಬೇಕು, ಇವತ್ತೇ

ನಮಸ್ಕಾರ. ನಮ್ಮೂರ ಲೈಬ್ರರಿಗೆ ದಾನಿಗಳೊಬ್ಬರು ನಾಲ್ಕು ಟೇಬಲ್ ಕೊಟ್ಟಿದ್ದಾರೆ. ಒಂದಕ್ಕೆ 'ಈ ಮೇಜು ಹಿರಿಯರಿಗೆ ಮೀಸಲು' ಅಂತ ಬೋರ್ಡ್ ಬರೆಸಬೇಕು. ಸಮಿತಿಯ ಒಬ್ಬರು 'ಮೇಜು ಹಿಂದಿ, ಬೇಡವೇ ಬೇಡ' ಅಂತ ಪಟ್ಟು ಹಿಡಿದಿದ್ದಾರೆ. ಇನ್ನೊಬ್ಬರು ಅದು ಪೋರ್ಚುಗೀಸ್ ಅಂತಾರೆ. ಪೇಂಟರ್ ನಾಲ್ಕು ಗಂಟೆಗೆ ಬರುತ್ತಾರೆ. ಏನು ಬರೆಸಲಿ?

*

ಪೋರ್ಚುಗೀಸೇ. ಅವರ 'ಮೇಸ' ಬಂದದ್ದು ಲ್ಯಾಟಿನ್ನಿನ 'ಮೆನ್ಸ'ದಿಂದ. ಅದೇ ಮಲಯಾಳದಲ್ಲಿ ಮೇಶ, ತಮಿಳಲ್ಲಿ ಮೇಸೈ, ಸಿಂಹಳದಲ್ಲಿ ಮೇಸಯ. ಆಫ್ರಿಕಾದ ಸ್ವಾಹಿಲಿಯಲ್ಲೂ ಮೇಜಾ. 1498ರಲ್ಲಿ ಕಲ್ಲಿಕೋಟೆಗೆ ಬಂದವರು 1510ರಲ್ಲಿ ಗೋವೆ ಹಿಡಿದರು. ಅಲಮಾರು, ಚಾವಿ, ಪಾದ್ರಿ ಎಲ್ಲ ಅವರದ್ದೇ. ಮೇಜೊಂದು ಹೊರತಾ?

*

> ಮೇಜೊಂದು ಹೊರತಾ?

ಹೌದು, ಹೊರತೇ. ನಿಮ್ಮ ಪಟ್ಟಿಯಲ್ಲಿ ಮರಾಠಿಯ ಮೇಜ್, ಉರ್ದುವಿನ ಮೇಜ್ ಯಾಕಿಲ್ಲ? ಹಾಕಿದ್ರೆ ವಾದ ಬೀಳುತ್ತೆ ಅಂತಲಾ?

ಪಾರಸಿಯಲ್ಲಿ, ಅಂದ್ರೆ ಪರ್ಷಿಯನ್ ಭಾಷೆಯಲ್ಲಿ, ಮೇಜ್ ಅಂದ್ರೆ ಊಟದ ಹಲಗೆ, ಊಟ ಎರಡೂ. ಅದರ ಹಳೇ ರೂಪ ಜರತುಷ್ಟ್ರ ಧರ್ಮದ ಗ್ರಂಥ ಅವೆಸ್ತಾದಲ್ಲಿದೆ: 'ಮ್ಯಜ್ದ', ದೇವರಿಗೆ ಕೊಡುವ ನೈವೇದ್ಯ. ಊಟ ಹಾಕುವ ಮನೆಯೊಡೆಯ ಮೇಜ್‌ಬಾನ್. ಅವನ ಉಪಚಾರ ಮೇಜ್‌ಬಾನಿ. ಇದೇ ಮರಾಠಿಯ ದಾರಿಯಲ್ಲಿ ನಮಗೆ ಬಂದು 'ಮೇಜವಾನಿ' ಆಯಿತು. ಧಾರವಾಡದ ಕಡೆಯ ಹಿರಿಯರನ್ನು ಕೇಳಿ, ಮೇಜವಾನಿ ಅಂದ್ರೆ ಭರ್ಜರಿ ಊಟ. ಅಲ್ಲಿ ಮೇಜೇ ಇರಬೇಕಿಲ್ಲ, ನೆಲದ ಮೇಲೆ ಪಂಕ್ತಿ ಹಾಕಿದ್ರೂ ಮೇಜವಾನಿಯೇ! ಲಿಸ್ಬನ್ನಿನವರು ಇದನ್ನು ಕೊಟ್ಟರಾ?

ಲ್ಯಾಟಿನ್ ಮೆನ್ಸಕ್ಕೆ 'ಅಳತೆ'ಯ ಬೇರು, ಪಾರಸಿಯದ್ದಕ್ಕೆ ಊಟದ ಬೇರು. ಎರಡು ಬೇರೆ ಮರ, ಎಲೆ ಮಾತ್ರ ಒಂದೇ ಥರ. ಇನ್ನು ಪದದ ಕೊನೆ ನೋಡಿ. ಬಜಾರ್ ಬಜಾರು, ಜಮೀನ್ ಜಮೀನು, ಮೇಜ್ ಮೇಜು. ವ್ಯಂಜನದಲ್ಲಿ ಮುಗಿಯುವ ಪಾರಸಿ ಪದಕ್ಕೆ ನಾವು ಉಕಾರ ಹಚ್ಚುತ್ತೇವೆ. ಮಲಯಾಳದವರಿಗೆ ಬಂದದ್ದು 'ಮೇಸ', ಅದಕ್ಕೇ ಅವರಲ್ಲಿ ಅಕಾರ ಉಳಿದಿದೆ.

*

ಅಕಾರ ಉಳಿಯಲೇಬೇಕು ಅಂತ ಯಾರು ಹೇಳಿದ್ದು? ಪೋರ್ಚುಗೀಸಿನ 'ಜನೇಲಾ' (ಕಿಟಕಿ) ತಮಿಳಲ್ಲಿ ಜನ್ನಲ್ ಆಯಿತು, ಬಾಲ ಎಲ್ಲಿ ಹೋಯಿತು? ಜೊತೆಗೆ ಪೋರ್ಚುಗೀಸರು ಬರೆಯುವುದು ಮೇಸ, ಉಚ್ಚರಿಸುವುದು ಮೇ‌ಜ಼. ಮಲೇಷ್ಯಾದ ಮಲಯ ಭಾಷೆಯ 'ಮೇಜಾ' ಪಾರಸಿಯೋ ಪೋರ್ಚುಗೀಸೋ ಅಂತ ಇವತ್ತಿಗೂ ಎರಡು ಪಕ್ಷ ಇದೆ. ಮೇಜವಾನಿ ಪಾರಸಿ, ಒಪ್ಪಿದೆ. ಮೇಜು ಅದರ ಜೊತೆಗೇ ಬಂತು ಅನ್ನುವುದು ನಿಮ್ಮ ಊಹೆ.

*

ಇಬ್ಬರೂ ಯಾರ ಮನೆಯ ಸಾಲ ಅಂತ ಜಗಳ ಆಡ್ತಿದ್ದೀರಿ. ಸಾಲ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಹಲಗೆ ಇದೆ, ಮಣೆ ಇದೆ. 'ಓದುಮಣೆ' ಅಂತ ಬರೆಸಿ. ನಾಲ್ಕು ದಿನ ವಿಚಿತ್ರ ಅನಿಸುತ್ತೆ, ಆಮೇಲೆ ರೂಢಿ ಆಗುತ್ತೆ.

*

ಮಣೆ ಕೂರೋಕೆ. ಹಿರಿಯರು ಅದರ ಮೇಲೆ ಹತ್ತಿ ಕೂತರೆ ಇಳಿಸೋರು ಯಾರು?

ಹಲಗೆಯೂ ಅಷ್ಟು ಸಲೀಸಲ್ಲ. ಸಂಸ್ಕೃತದ ಫಲಕದಿಂದ ಹಲಗೆಯೋ, ದ್ರಾವಿಡದಿಂದ ಫಲಕವೋ ಅನ್ನುವ ಜಗಳ ಹಳೆಯದು. ಅದನ್ನು ಇಲ್ಲಿ ಎಬ್ಬಿಸಬೇಡಿ, ದಮ್ಮಯ್ಯ. ಲಂಡನ್ನಿನಲ್ಲಿ 1930ರಿಂದ 1932ರವರೆಗೆ ನಡೆದದ್ದನ್ನು ನಾವೆಲ್ಲ ಶಾಲೆಯಲ್ಲಿ 'ದುಂಡು ಮೇಜಿನ ಸಮ್ಮೇಳನ' ಅಂತಲೇ ಓದಿದ್ದು. ವಿಧಾನಸಭೆಯಲ್ಲಿ ಶಾಸಕರು ಇವತ್ತಿಗೂ ಕುಟ್ಟುವುದು ಮೇಜನ್ನೇ. ಮಣೆ ಕುಟ್ಟಿ ಸ್ವಾಗತಿಸಿದರು ಅಂತ ಯಾವ ಪತ್ರಿಕೆ ಬರೆದಿದೆ?

ಸಮಿತಿಯವರಿಗೆ ಇಷ್ಟು ಹೇಳಿ: ಅವರು ಕೂತು ತಕರಾರು ಮಾಡಿದ ಕುರ್ಚಿ ಅರಬ್ಬಿಯ 'ಕುರ್ಸಿ'. ಮೊದಲು ಅದರಿಂದ ಏಳಲಿ.

*

> ಮೊದಲು ಅದರಿಂದ ಏಳಲಿ

ಹೀಗೇ ಹೇಳಿ ಹೇಳಿ 'ಬಾಗಿಲು ಹಾಕು' ಹೋಗಿ 'ಡೋರ್ ಕ್ಲೋಸ್ ಮಾಡು' ಬಂತು. ನಿಮಗೆ ಎಲ್ಲವೂ ತಮಾಷೆ.

*

ಡೋರ್ ಬಂದದ್ದು ಮೇಜಿನಿಂದಲಾ? ಸುಮ್ನೆ ಏನೇನೋ ಸೇರಿಸಬೇಡಿ.

*

ಎಲ್ಲರಿಗೂ ವಂದನೆ. ಪೇಂಟರ್ ಮೂರೂವರೆಗೇ ಬಂದರು. 'ಮೇಜು' ಅಂತಲೇ ಬರೆಸಿದೆ. ಮೇಜವಾನಿ ಕಥೆ ಸಮಿತಿಯವರಿಗೆ ಹೇಳಿದೆ, ಹಿಡಿಸಿತು. ಅವರ ತಕರಾರು ಈಗ 'ಮೀಸಲು' ಮೇಲೆ, ಅದು ಕನ್ನಡವೇ ಅಲ್ವಾ?